ಚಂದ್ರನಲ್ಲೂ ಅರವತ್ತು ಕಿಲೋ: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೆ,

ಗುರುತ್ವ ಮತ್ತು ತೂಕದ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಕೈಬಿಡುವಂಥ ಬರಹವೂ ಅದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

‘ಭೂಮಿಯಲ್ಲಿ 60 ಕಿಲೋ ಇರುವವರು ಚಂದ್ರನಲ್ಲಿ 10 ಕಿಲೋ ಆಗುತ್ತಾರೆ’ ಎಂದು ಆರಂಭಿಸಿದ್ದೀರಿ. ಕಿಲೋಗ್ರಾಂ ದ್ರವ್ಯರಾಶಿಯ, ಅಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣದ ಅಳತೆ, ಎಲ್ಲಿಗೆ ಹೋದರೂ ಆ 60 ಹಾಗೆಯೇ ಉಳಿಯುತ್ತದೆ. ಬದಲಾಗುವುದು ತೂಕ, ಅಂದರೆ ಆ ರಾಶಿಯ ಮೇಲಿನ ಸೆಳೆತದ ಬಲ: ಇಲ್ಲಿ ಸುಮಾರು 588 ನ್ಯೂಟನ್ (ಬಲದ ಏಕಮಾನ), ಅಲ್ಲಿ ಸುಮಾರು 97. ಸಂತೆಯಲ್ಲಿ ‘ತೂಕ ಐದು ಕಿಲೋ’ ಎನ್ನುವವರನ್ನು ತಿದ್ದಬೇಕಿಲ್ಲ, ಆದರೆ ಗುರುತ್ವದ ಏರಿಳಿತವನ್ನೇ ವಿಷಯವಾಗಿಸಿಕೊಂಡ ಲೇಖನಕ್ಕೆ ಆ ರಿಯಾಯಿತಿ ಸಲ್ಲದು. ನೀವು ರಾಶಿ, ಭಾರ, ತೂಕ ಎಂಬ ಮೂರನ್ನೂ ಒಂದರ ಬದಲು ಇನ್ನೊಂದನ್ನು ಬಳಸಿರುವುದರಿಂದ ಗೊಂದಲ ಇಮ್ಮಡಿಯಾಗಿದೆ.

ವ್ಯಾಖ್ಯೆಗಳ ಬದಲು ಓದುಗರಿಗೊಂದು ತಕ್ಕಡಿಯನ್ನು ತೋರಿಸಿ. ಒಂದು ತಟ್ಟೆಯಲ್ಲಿ ಒಂದು ಕಿಲೋ ಬೆಲ್ಲ, ಇನ್ನೊಂದರಲ್ಲಿ ಒಂದು ಕಿಲೋ ಬಟ್ಟು ಇಟ್ಟರೆ ಚಂದ್ರನಲ್ಲೂ ಮುಳ್ಳು ನಡುವೆಯೇ ನಿಲ್ಲುತ್ತದೆ, ಏಕೆಂದರೆ ಸೆಳೆತ ಎರಡೂ ಕಡೆ ಸಮನಾಗಿ ತಗ್ಗಿರುತ್ತದೆ. ಅದೇ ಬೆಲ್ಲವನ್ನು ಇಲ್ಲಿಂದ ಒಯ್ದ, ಸೆಳೆತವನ್ನೇ ಅಳೆಯುವ ಸ್ಪ್ರಿಂಗ್ ತ್ರಾಸಿಗೆ ತೂಗುಹಾಕಿದರೆ ಮುಳ್ಳು 165 ಗ್ರಾಂ ಆಸುಪಾಸಿನಲ್ಲಿ ನಿಂತುಬಿಡುತ್ತದೆ.

‘ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವಿಲ್ಲ’ ಎಂಬ ಸಾಲನ್ನು ತೆಗೆಯಿರಿ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಇಲ್ಲಿನ ಗುರುತ್ವದ ಶೇ 90ರಷ್ಟು ಇದ್ದೇ ಇರುತ್ತದೆ. ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೇ ಬೀಳುತ್ತಿರುವುದರಿಂದ ತೂಕದ ಅನುಭವವಾಗುವುದಿಲ್ಲ. ಅಲ್ಲಿ ಗಗನಯಾತ್ರಿಯನ್ನು ಸ್ಪ್ರಿಂಗಿನ ಮೇಲೆ ತೂಗಾಡಿಸಿ, ಒಂದು ತೂಗಾಟಕ್ಕೆ ಹಿಡಿದ ಸಮಯದಿಂದ ದ್ರವ್ಯರಾಶಿಯನ್ನು ಲೆಕ್ಕಹಾಕುವ ಸಾಧನವಿದೆ.

ನನಗೆ ನಿಜಕ್ಕೂ ಬೇಸರವಾದದ್ದು, ನಿಮ್ಮಲ್ಲಿರುವ ಅತ್ಯುತ್ತಮ ಸಾಮಗ್ರಿಯನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದು. 1672ರಲ್ಲಿ ಖಗೋಳವಿಜ್ಞಾನಿ ಜಾನ್ ರಿಶೆ, ಪ್ಯಾರಿಸ್‌ನಿಂದ ಭೂಮಧ್ಯರೇಖೆಗೆ ಹತ್ತಿರದ ಕಯೆನ್‌ಗೆ ಹೋದಾಗ, ಪ್ಯಾರಿಸ್‌ನಲ್ಲಿ ಸರಿಹೊಂದಿಸಿದ ಲೋಲಕದ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕವನ್ನು ಮೂರು ಮಿಲಿಮೀಟರಿಗಿಂತ ತುಸು ಕಡಿಮೆ ಗಿಡ್ಡ ಮಾಡಿದ ಮೇಲಷ್ಟೇ ಅದು ಸರಿಯಾದ ವೇಳೆ ತೋರಿಸಿತು. ಲೋಲಕದ ಗುಂಡಿನಿಂದ ಒಂದು ಚೂರು ಲೋಹವೂ ಉದುರಿರಲಿಲ್ಲ, ಆದರೂ ಅಲ್ಲಿ ಸೆಳೆತ ಕಡಿಮೆಯಿದ್ದುದರಿಂದ ಅದರ ತೂಕ ಇಳಿದು, ತೂಗಾಟ ನಿಧಾನವಾಗಿತ್ತು. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ ಎಂಬ ತನ್ನ ವಾದಕ್ಕೆ ನ್ಯೂಟನ್ ಇದನ್ನು ಆಧಾರವಾಗಿ ಬಳಸಿಕೊಂಡ. ದ್ರವ್ಯರಾಶಿ ಮತ್ತು ತೂಕ ಬೇರೆಬೇರೆ ಎನ್ನಲು ಚಂದ್ರನವರೆಗೆ ಹೋಗಬೇಕಿಲ್ಲ, ಒಂದು ಹಡಗಿನ ಪ್ರಯಾಣ ಸಾಕು.

ಆ ಗಡಿಯಾರದಿಂದಲೇ ಲೇಖನವನ್ನು ಆರಂಭಿಸಿ ಮತ್ತೆ ಬರೆದು ಕಳುಹಿಸಿ. ನಾನೇ ಓದುತ್ತೇನೆ.