ಆಡೋನೂ ನಾನೇ, ಆಡಿಸೋನೂ ನಾನೇ: ಈಗ ತೀರ್ಪು ಹೇಗೆ ಕೊಡಲಿ?

ಪ್ರಶ್ನೆ: ನನಗೆ 33 ವರ್ಷ. ನಾವು ಏಳು ಜನ ಕಾಲೇಜು ಗೆಳೆಯರು, ಎಂಟನೆಯವನು ನನ್ನ ಭಾವಮೈದ. ಎಲ್ಲರೂ ಸೇರಿ ಹಾಕಿ ಇಂಡಿಯಾ ಲೀಗ್ ಮೇಲೆ ಒಂದು ಫ್ಯಾಂಟಸಿ ಲೀಗ್ ನಡೆಸುತ್ತೇವೆ. ಒಬ್ಬೊಬ್ಬರೂ ಆಟಗಾರರನ್ನು ಆರಿಸಿಕೊಂಡು ತಂಡ ಕಟ್ಟುತ್ತೇವೆ. ಅವರು ಮ್ಯಾಚಿನಲ್ಲಿ ಹೇಗೆ ಆಡುತ್ತಾರೋ ಅದರ ಮೇಲೆ ನಮಗೆ ಪಾಯಿಂಟ್ಸ್. ಲೆಕ್ಕ ಇಡೋದು ನಾನು. ತಲೆಗೆ 1,000 ರೂಪಾಯಿಯಂತೆ 8,000 ನನ್ನ ಹತ್ತಿರವೇ ಇದೆ. ಈ ಸಲ ಮುಗಿಯಲು ಒಂದು ವಾರ ಇರುವಾಗ, ಕೊನೆಯ ಸ್ಥಾನದಲ್ಲಿದ್ದ ಗೆಳೆಯ ತನ್ನ ಡ್ರ್ಯಾಗ್ ಫ್ಲಿಕ್ಕರ್‌ನನ್ನು, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆಯೋ ಆಟಗಾರನನ್ನು, ಭಾವಮೈದನಿಗೆ ಕೊಟ್ಟ. ಬದಲಿಗೆ ತಗೊಂಡದ್ದು ಒಂದೂ ಮ್ಯಾಚ್ ಆಡದ ಗೋಲ್‌ಕೀಪರ್‌ನನ್ನು. ಭಾವಮೈದ ಮೊದಲ ಸ್ಥಾನಕ್ಕೆ ಹೋದ, ನಾನು ಎರಡನೆಯವನಾದೆ. ಉಳಿದ ಐವರು ಇದು ಒಳಒಪ್ಪಂದ, ರದ್ದು ಮಾಡು ಅಂತಾರೆ. ಗ್ರೂಪಿನಲ್ಲಿ ಒಬ್ಬ "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅಂತ ಹಾಕಿದ. ಅವತ್ತೇ ಆ ಗೆಳೆಯ ಗ್ರೂಪ್ ಬಿಟ್ಟ. ಫೋನೂ ಎತ್ತುತ್ತಿಲ್ಲ. ರದ್ದು ಮಾಡಿದರೆ ಗೆಲ್ಲೋದು ನಾನು. ಮಾಡದಿದ್ದರೆ ನೆಂಟನ ಪರ ಅಂತಾರೆ. ಮುಂದಿನ ತಿಂಗಳು ಭಾವಮೈದನ ಗೃಹಪ್ರವೇಶ. "ಒಂದು ಆಟಕ್ಕೋಸ್ಕರ ನನ್ನ ತಮ್ಮನ ಮರ್ಯಾದೆ ಕಳೀಬೇಡಿ" ಅನ್ನೋದು ಹೆಂಡತಿಯ ಮಾತು. ಟ್ರೇಡ್ (ಆಟಗಾರರ ಅದಲುಬದಲು) ಬಗ್ಗೆ ನಮ್ಮಲ್ಲಿ ಯಾವ ನಿಯಮವೂ ಇರಲಿಲ್ಲ. ಗೆಳೆಯನ ತಂದೆಗೆ ಡಯಾಲಿಸಿಸ್ ನಡೀತಿದೆ, ಹಾಗಾಗಿ ಅವನು ಈಚೆಗೆ ಸರಿಯಾಗಿ ತಂಡವನ್ನೂ ಹಾಕುತ್ತಿರಲಿಲ್ಲ. ನಾನೇನು ಮಾಡಲಿ?
– ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಟ್ರೇಡ್, ಪಾಯಿಂಟ್ಸ್, 8,000 ರೂಪಾಯಿ, ಗೃಹಪ್ರವೇಶ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು ಬರುತ್ತದೆ. ಗೆಳೆಯನ ತಂದೆಗೆ ಡಯಾಲಿಸಿಸ್. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ. ಕರೆದುಕೊಂಡು ಹೋಗಬೇಕು, ಹೊರಗಡೆ ಬೆಂಚಿನ ಮೇಲೆ ಕಾಯಬೇಕು, ಸುಸ್ತಾದವರನ್ನು ಮನೆಗೆ ತಂದು ಮಲಗಿಸಬೇಕು. ಹಾಗೆ ಕೂತವನ ಫೋನಿಗೆ ಒಂದು ಮೆಸೇಜ್ ಬಂದಿರಬಹುದು. "ಆ ಪ್ಲೇಯರ್‌ನ ನಂಗೆ ಕೊಡ್ತೀರಾ?" ಅವರು "ತಗೋ" ಅಂದಿರಬಹುದು. ಒಳಒಪ್ಪಂದ ಅಂದರೆ ಎರಡೂ ಕಡೆಗೆ ಏನಾದರೂ ಸಿಗಬೇಕು ಅಲ್ವಾ? ಇಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬೈಗುಳ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಗಾದೆಯೇ ಅದು. ಆದರೆ ಬೆಂಚಿನ ಮೇಲೆ ಕೂತು ಓದಿದವರಿಗೆ ಹೇಗಾಗಿರುತ್ತದೆ, ಯೋಚನೆ ಮಾಡಿ.

ಆದ್ದರಿಂದ ಮೊದಲ ಕೆಲಸ, ಅವರ ಮನೆಗೆ ಹೋಗಿ. ಫೋನ್ ಮಾಡಬೇಡಿ, ಎತ್ತುವುದಿಲ್ಲ ಅಂತ ನೀವೇ ಬರೆದಿದ್ದೀರಿ. ತುಮಕೂರು ಅಷ್ಟೇನೂ ದೊಡ್ಡ ಊರಲ್ಲ. ಕ್ಯಾತ್ಸಂದ್ರದಲ್ಲಿದ್ದರೂ, ಶೆಟ್ಟಿಹಳ್ಳಿಯಲ್ಲಿದ್ದರೂ ಗಾಡಿಯಲ್ಲಿ ಅರ್ಧ ಗಂಟೆ. ಹೋದಾಗ ಲೀಗಿನ ಮಾತು ಎತ್ತಬೇಡಿ. ಅವರ ತಂದೆಯ ಜೊತೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಡಯಾಲಿಸಿಸ್ ಯಾವ ಯಾವ ದಿನ ಅಂತ ಕೇಳಿ, ಅದರಲ್ಲಿ ಒಂದು ದಿನ ನೀವು ಕರೆದುಕೊಂಡು ಹೋಗ್ತೀನಿ ಅನ್ನಿ. ಆಟದ ಮಾತು ಅವರೇ ಎತ್ತಿದರೆ ಆಗ ಮಾತಾಡಿ.

ಈಗ ಟ್ರೇಡ್. ನನ್ನ ಅಭಿಪ್ರಾಯ ಕೇಳಿದರೆ, ಅದು ಉಳಿಯಬೇಕು. ಕೆಟ್ಟ ಟ್ರೇಡ್ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ತಡೆಯುವ ನಿಯಮ ಅವತ್ತು ಇರಲಿಲ್ಲ. ಇವತ್ತು ನಿಯಮ ಬರೆದು ಹೋದ ತಿಂಗಳ ಆಟಕ್ಕೆ ಹಚ್ಚಿದರೆ, ಮುಂದಿನ ಸಲ ಯಾರಿಗೆ ಸೋಲು ಬಂದರೂ ಅವರು ಹೊಸ ನಿಯಮ ಕೇಳುತ್ತಾರೆ. ಹಾಕಿ ಇಂಡಿಯಾ ಲೀಗನ್ನೇ ನೋಡಿ. 2016ರಲ್ಲಿ ಅಲ್ಲಿ ಒಂದು ಫೀಲ್ಡ್ ಗೋಲಿಗೆ, ಅಂದರೆ ಪೆನಾಲ್ಟಿ ಇಲ್ಲದೆ ಆಟದ ನಡುವೆ ಹೊಡೆದ ಗೋಲಿಗೆ, ಎರಡು ಗೋಲಿನ ಲೆಕ್ಕ ತಂದರು. ತುಂಬಾ ದೊಡ್ಡ ಬದಲಾವಣೆ, ಇಷ್ಟವಾಗದವರೂ ಇದ್ದರು. ಆದರೆ ಮೊದಲ ಮ್ಯಾಚಿನ ಮುಂಚೆಯೇ ಎಲ್ಲ ತಂಡಕ್ಕೂ ಗೊತ್ತಿತ್ತು. ಹಾಗಾಗಿ ಯಾರಿಗೂ ಮೋಸ ಆಗಲಿಲ್ಲ.

ಆದರೆ "ಉಳಿಯಲಿ" ಅನ್ನುವ ತೀರ್ಪನ್ನು ನೀವು ಕೊಡಬೇಡಿ. ನೀವು ಎರಡನೇ ಸ್ಥಾನದಲ್ಲಿದ್ದೀರಿ, ಮೇಲಾಗಿ ಗೆದ್ದವನ ಭಾವ. ಎಷ್ಟೇ ನ್ಯಾಯವಾಗಿ ಹೇಳಿದರೂ ಐವರಲ್ಲಿ ಒಬ್ಬರಿಗಾದರೂ ಅನುಮಾನ ಉಳಿಯುತ್ತದೆ. 1992ರಲ್ಲಿ ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಇದಕ್ಕಿಂತ ದೊಡ್ಡ ಗಲಾಟೆ ಆಗಿತ್ತು. ಕ್ವಿಬೆಕ್ ತಂಡದವರು ಎರಿಕ್ ಲಿಂಡ್ರೋಸ್ ಎಂಬ ಹುಡುಗನನ್ನು ಕೊಡ್ತೀವಿ ಅಂತ ಫಿಲಡೆಲ್ಫಿಯಾದವರಿಗೂ ಮಾತು ಕೊಟ್ಟರು, ನ್ಯೂಯಾರ್ಕ್ ರೇಂಜರ್ಸ್‌ಗೂ ಮಾತು ಕೊಟ್ಟರು. ಇಬ್ಬರೂ ನಮ್ಮವನು ಅಂತ ಹಿಡಿದುಕೊಂಡರು. ಕೊನೆಗೆ ಲ್ಯಾರಿ ಬರ್ಟುಜಿ ಎಂಬ ಹೊರಗಿನ ವಕೀಲರನ್ನು ಮಧ್ಯಸ್ಥರಾಗಿ ಕೂರಿಸಿದರು. ಅವರು ಎಲ್ಲರ ಮಾತು ಕೇಳಿ, ಹುಡುಗ ಫಿಲಡೆಲ್ಫಿಯಾಕ್ಕೆ ಸೇರಬೇಕು ಅಂತ ಹೇಳಿದರು. ವಿಷಯ ಅಲ್ಲಿಗೆ ಮುಗಿಯಿತು.

ಅಷ್ಟು ದೂರ ಯಾಕೆ, ನಮ್ಮ ಅಪ್ಪ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಇಪ್ಪತ್ತು ಜನರ ಚೀಟಿ ನಡೆಸುತ್ತಿದ್ದರು. ಉದ್ದನೆಯ ಲೆಕ್ಕದ ಪುಸ್ತಕ. ಮೊದಲ ಪುಟದಲ್ಲಿ ಅಪ್ಪನ ಗುಂಡು ಅಕ್ಷರದಲ್ಲಿ ಆರೇಳು ಸಾಲು, ಕೆಳಗೆ ಎಲ್ಲರ ಸಹಿ, ಮೂಲೆಯಲ್ಲಿ ನೀಲಿ ಶಾಯಿಯ ಒಂದೇ ಒಂದು ಹೆಬ್ಬೆಟ್ಟು. ಅದು ಹೂವು ಮಾರುವ ಅಜ್ಜಿಯದು. ಆ ಸಾಲುಗಳಲ್ಲಿ ಎರಡು ನನಗೆ ಇವತ್ತಿಗೂ ನೆನಪಿದೆ. ಒಂದು, ಯಾರಾದರೂ ಎರಡು ತಿಂಗಳು ಕಟ್ಟದಿದ್ದರೆ ಅವರ ಪರವಾಗಿ ಯಾರನ್ನು ಕೇಳಬೇಕು ಅಂತ ಮೊದಲೇ ಹೆಸರು ಬರೆಸಬೇಕು. ಇನ್ನೊಂದು, ನಮ್ಮ ಮನೆಯ ನೆಂಟರು ಚೀಟಿ ಕೂಗುವ ದಿನ ಅಪ್ಪ ಪುಸ್ತಕ ಮುಟ್ಟುವ ಹಾಗಿಲ್ಲ, ಪಕ್ಕದ ಅಂಗಡಿಯವರು ಕೂತು ಮುಗಿಸಬೇಕು. ನಮ್ಮ ಚಿಕ್ಕಪ್ಪನಿಗೆ ಇದರಿಂದ ಸಿಟ್ಟು ಬರುತ್ತಿತ್ತು. ಅಪ್ಪ ಬದಲಾಯಿಸಲಿಲ್ಲ.

ನಿಮಗೂ ಒಬ್ಬ ಪಕ್ಕದ ಅಂಗಡಿಯವರು ಬೇಕು. ಲೀಗಿನಲ್ಲಿ ಇಲ್ಲದ, ಎಂಟೂ ಜನ ಒಪ್ಪುವ ಒಬ್ಬರು. ಕಾಲೇಜಿನಲ್ಲಿ ಆಟ ಆಡಿಸುತ್ತಿದ್ದ ಮೇಷ್ಟ್ರು ಆಗಬಹುದು, ಮಹಾತ್ಮ ಗಾಂಧಿ ಸ್ಟೇಡಿಯಂನಲ್ಲಿ ಬೆಳಿಗ್ಗೆ ಸಿಗುವ ಹಿರಿಯರು ಯಾರಾದರೂ ಆಗಬಹುದು. ಅವರು ಏನು ಹೇಳಿದರೂ ಒಪ್ಪುತ್ತೇವೆ ಅಂತ ಮೊದಲು ಎಲ್ಲರೂ ಹೇಳಬೇಕು. ಆಮೇಲೆ ಅವರ ಮುಂದೆ ವಿಷಯ ಇಡಿ. ಅವರು ನನ್ನ ಮಾತಿಗೆ ಉಲ್ಟಾ ಹೇಳಿದರೂ ನಡೆಸಿಕೊಡಿ.

ಭಾವಮೈದನ ವಿಷಯಕ್ಕೆ ಬರೋಣ. ಆತ ನಿಯಮ ಮುರಿದಿಲ್ಲ. ಆದರೆ ತಂದೆಯ ಚಿಂತೆಯಲ್ಲಿ ಆಟದ ಕಡೆ ಗಮನವೇ ಇಲ್ಲದವರ ಹತ್ತಿರ ಕೇಳಿ ತಗೊಂಡದ್ದು ಸರಿಯಲ್ಲ. ತಂದೆಯ ವಿಷಯ ಆತನಿಗೆ ಗೊತ್ತಿತ್ತೋ ಇಲ್ಲವೋ, ನೀವು ಬರೆದಿಲ್ಲ. ಮೊದಲು ಅದನ್ನು ಕೇಳಿ. ಗೊತ್ತಿರಲಿಲ್ಲ ಅಂದರೆ ಮಾತು ಹಗುರವಾಗುತ್ತದೆ. ಗೊತ್ತಿತ್ತು ಅಂದರೆ, ಭಾವನಾಗಿ ನೀವು ನೇರವಾಗಿ ಹೇಳಲೇಬೇಕು: "ನೀನು ಗೆದ್ದಿದ್ದೀಯ, ಆದ್ರೆ ಅವನ ಹತ್ರ ಕೇಳಬಾರದಿತ್ತು." ಇಬ್ಬರೇ ಇರುವಾಗ, ಮನೆಯಿಂದ ಹೊರಗೆ, ಅಮಾನಿಕೆರೆ ಕಡೆ ಒಂದು ಸುತ್ತು ನಡೆಯುತ್ತಾ ಹೇಳಿ. ಗೃಹಪ್ರವೇಶಕ್ಕೆ ಮುಂಚೆಯೇ ಹೇಳಿ. ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿ ಅವರ ಮನೆಯಲ್ಲಿ ಊಟ ಮಾಡಬೇಡಿ.

ನಿಮ್ಮ ಹೆಂಡತಿಯನ್ನು ಇದರ ಮಧ್ಯೆ ನಿಲ್ಲಿಸಬೇಡಿ. ಆಕೆ ಕೇಳಿದ್ದು ತಮ್ಮನ ಮರ್ಯಾದೆ. ಒಬ್ಬರ ಹತ್ತಿರ ಮೆಲ್ಲಗೆ ಹೇಳಿದರೆ ಮರ್ಯಾದೆ ಹೋಗುವುದಿಲ್ಲ ಅಂತ ಆಕೆಗೂ ಹೇಳಿ.

ಹಣದ ಬಗ್ಗೆ ಜಾಸ್ತಿ ಯೋಚಿಸುವುದೇ ಬೇಡ. ಎಂಟೂ ಜನರಿಗೆ 1,000 ವಾಪಸ್ ಕೊಟ್ಟುಬಿಡಿ, ಮುಂದಿನ ವರ್ಷದಿಂದ ತಗೊಳ್ಳಲೂಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ತಡೆ ಹಾಕಿದೆ. ದೊಡ್ಡ ದೊಡ್ಡ ಫ್ಯಾಂಟಸಿ ಕಂಪನಿಗಳೇ ಹಣದ ಸ್ಪರ್ಧೆ ನಿಲ್ಲಿಸಿವೆ. ಗೆಳೆಯರ ಗ್ರೂಪಿನಲ್ಲಿ ನಮಗೆ ಯಾಕೆ ಬೇಕು ಆ ತಲೆನೋವು? ಹಣ ಇದ್ದದ್ದಕ್ಕೇ ಈ ಜಗಳ ಇಷ್ಟು ದೂರ ಬಂತು ಅಂತ ನನಗೆ ಅನ್ನಿಸುತ್ತದೆ. ಸೀಸನ್ ಮುಗಿದ ಮೇಲೆ ಎಲ್ಲರೂ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನಿ. ಗೆದ್ದವರ ಬಿಲ್ಲನ್ನು ಉಳಿದವರು ಕೊಡಲಿ.

ಮುಂದಿನ ಸೀಸನ್‌ಗೆ ನಿಯಮ ಬರೆಯಿರಿ. ಒಂದು ಪುಟ ಸಾಕು. ಆಟಗಾರರನ್ನು ಆರಿಸುವ ಮುಂಚೆ ಬರೆದು, ಎಲ್ಲರ ಸಹಿ ಹಾಕಿಸಿ.

ಮೊದಲು ಪಾಯಿಂಟ್ಸ್. ಒಬ್ಬ ಡ್ರ್ಯಾಗ್ ಫ್ಲಿಕ್ಕರ್ ಬಂದ ತಕ್ಷಣ ಮೊದಲ ಸ್ಥಾನವೇ ಬದಲಾಯಿತು ಅಂದರೆ ನಿಮ್ಮ ಲೆಕ್ಕದಲ್ಲೇ ಏನೋ ಓರೆ ಇದೆ. ಕೊಡಗಿನ ಡ್ರ್ಯಾಗ್ ಫ್ಲಿಕ್ಕರ್ ವಿ.ಆರ್. ರಘುನಾಥ್ ಆಡುತ್ತಿದ್ದ ಕಾಲದಿಂದ ನಾನು ಪೆನಾಲ್ಟಿ ಕಾರ್ನರ್ ನೋಡಿಕೊಂಡು ಬಂದಿದ್ದೇನೆ. ಬ್ಯಾಕ್‌ಲೈನ್‌ನಿಂದ ಚೆಂಡು ತಳ್ಳುವವರು ಒಬ್ಬರು. ಸರ್ಕಲ್ ಆಚೆ ಸ್ಟಿಕ್ ಮಲಗಿಸಿ ಅದನ್ನು ನಿಲ್ಲಿಸುವವರು ಇನ್ನೊಬ್ಬರು. ಫ್ಲಿಕ್ ಮಾಡುವವರು ಮೂರನೆಯವರು. ಗೋಲಿನ ಮುಂದೆ ಹೆಸರು ಬರುವುದು ಮೂರನೆಯವರದು ಮಾತ್ರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಡ್ರ್ಯಾಗ್ ಫ್ಲಿಕ್ಕರ್ ಹರ್ಮನ್‌ಪ್ರೀತ್ ಸಿಂಗ್ 10 ಗೋಲು ಹೊಡೆದರು. ಸ್ಪೇನ್ ಮೇಲೆ 2-1ರಿಂದ ಕಂಚು ಬಂದಾಗ ಎರಡೂ ಗೋಲು ಅವರವೇ. ಅದೇ ವರ್ಷ ಹಾಕಿ ಇಂಡಿಯಾ ಲೀಗಿನ ಹರಾಜಿನಲ್ಲಿ ಸೂರ್ಮಾ ತಂಡ ಅವರಿಗೆ 78 ಲಕ್ಷ ಕೊಟ್ಟಿತು. ಇಂಥ ಆಟಗಾರರು ನಿಮ್ಮ ಎಂಟು ತಂಡದಲ್ಲಿ ಒಂದಕ್ಕೆ ಸಿಕ್ಕರೆ ಉಳಿದವರ ಗತಿ ಏನು? ಫೀಲ್ಡ್ ಗೋಲಿಗೆ ಜಾಸ್ತಿ, ಪೆನಾಲ್ಟಿ ಕಾರ್ನರ್ ಗೋಲಿಗೆ ಕಡಿಮೆ ಇಡಿ. ಗೋಲು ಬಿಡದೆ ಮುಗಿಸಿದ ತಂಡದ ಗೋಲ್‌ಕೀಪರ್‌ಗೆ, ಡಿಫೆಂಡರ್‌ಗಳಿಗೆ ಪಾಯಿಂಟ್ಸ್ ಇರಲಿ.

ತಪ್ಪು ಆಟಕ್ಕೆ ಅಂಪೈರ್ ತೋರಿಸುವ ಕಾರ್ಡಿಗೆ ಪಾಯಿಂಟ್ಸ್ ಕಳೆಯಿರಿ. ಹಸಿರಿಗೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು ನಿಮಿಷ, ಕೆಂಪಿಗೆ ಆಟವೇ ಮುಗಿಯಿತು. ನಿಮ್ಮ ಪಾಯಿಂಟೂ ಅದೇ ಅಳತೆಯಲ್ಲಿ ಇಳಿಯಲಿ. ಮುಖ್ಯವಾಗಿ, ಅಧಿಕೃತ ಸ್ಕೋರ್ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಎಣಿಸಿ. "ಆ ಪಾಸ್ ಎಷ್ಟು ಚೆನ್ನಾಗಿತ್ತು" ಅಂತ ಶುರುವಾದರೆ ರಾತ್ರಿಯಿಡೀ ಮುಗಿಯುವುದಿಲ್ಲ.

ಟ್ರೇಡ್ ಆದ ತಕ್ಷಣ ಜಾರಿ ಬೇಡ. ಗ್ರೂಪಿನಲ್ಲಿ ಹಾಕಿ, 24 ಗಂಟೆ ಬಿಡಿ. ಟ್ರೇಡ್‌ನಲ್ಲಿ ಇಲ್ಲದ ಆರು ಜನರಲ್ಲಿ ನಾಲ್ವರು ಬೇಡ ಅಂದರೆ ಅದು ನಿಲ್ಲಲಿ. ಒಬ್ಬರಿಗೆ ಹೊಟ್ಟೆ ಉರಿದರೆ ನಿಲ್ಲಬಾರದು, ಅದಕ್ಕೇ ನಾಲ್ವರು. ಮೂರರಲ್ಲಿ ಎರಡು ಪಾಲು ಮ್ಯಾಚ್ ಮುಗಿದ ಮೇಲೆ ಟ್ರೇಡೇ ಇಲ್ಲ. ಇದು ಒಂದು ತಿಂಗಳ ಆಸುಪಾಸಿನ ಟೂರ್ನಿ. ಕೊನೆಯ ವಾರದ ಅದಲುಬದಲು ಯಾವಾಗಲೂ ಜಗಳವೇ.

ಎಲ್ಲಕ್ಕಿಂತ ಜಾಸ್ತಿ ಕಾಳಜಿಯಿಂದ ಬರೆಯಬೇಕಾದ್ದು ಇದು. ಪ್ರತಿಯೊಬ್ಬರೂ ತಮ್ಮ ಜೊತೆಗೆ ಒಬ್ಬರ ಹೆಸರು ಕೊಡಬೇಕು, ತಮ್ಮ, ಅಕ್ಕ, ಹೆಂಡತಿ ಯಾರಾದರೂ. ಎರಡು ಸುತ್ತು ತಂಡ ಹಾಕದಿದ್ದರೆ ಲೀಗ್ ನಡೆಸುವವರು ಫೋನ್ ಮಾಡಿ "ಹೇಗಿದ್ದೀಯಾ?" ಅಂತ ಕೇಳಬೇಕು. ಕಷ್ಟ ಇದೆ ಅಂದರೆ ಜೊತೆಗಾರರು ನೋಡಿಕೊಳ್ಳುತ್ತಾರೆ. ಅವರಿಗೂ ಆಗದಿದ್ದರೆ ಆ ತಂಡ ಇದ್ದ ಹಾಗೇ ನಿಲ್ಲುತ್ತದೆ. ಆ ತಂಡದ ಆಟಗಾರರನ್ನು ಯಾರೂ ಕೇಳುವ ಹಾಗಿಲ್ಲ. ಈ ಸಲ ಈ ನಿಯಮ ಇದ್ದಿದ್ದರೆ ಟ್ರೇಡ್‌ಗಿಂತ ಮುಂಚೆಯೇ ನಿಮ್ಮಲ್ಲಿ ಯಾರಾದರೂ ಆಸ್ಪತ್ರೆಗೆ ಹೋಗಿರುತ್ತಿದ್ದಿರಿ.

ಕೊನೆಯಲ್ಲಿದ್ದವರಿಗೂ ಆಡಲು ಏನಾದರೂ ಕಾರಣ ಇರಬೇಕು. ಮುಂದಿನ ವರ್ಷ ಅವರಿಗೆ ಮೊದಲ ಆಯ್ಕೆ ಕೊಡಿ. ಬೇಕಂತಲೇ ಸೋಲುವವರು ಹುಟ್ಟಬಾರದು ಅಂದರೆ ಕೊನೆಯ ಮೂವರ ಹೆಸರಲ್ಲಿ ಚೀಟಿ ಎತ್ತಿ. ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಕೂಡ 1995ರಿಂದ ಮೊದಲ ಆಯ್ಕೆಗೆ ಲಾಟರಿ ಎತ್ತುತ್ತಿದೆ.

ಲೆಕ್ಕ ಇಡುವ ಕೆಲಸವನ್ನು ವರ್ಷಕ್ಕೊಬ್ಬರಂತೆ ಹಂಚಿಕೊಳ್ಳಿ. ನೀವು ಇಷ್ಟು ದಿನ ಮಾಡಿದ್ದೀರಿ, ಸಾಕು.

ಗೆಳೆಯನ ಮನೆಗೆ ಹೋಗಿ ಬಂದು, ಭಾವಮೈದನ ಹತ್ತಿರ ಮಾತಾಡಿದ ಮೇಲೆ ಗ್ರೂಪಿಗೆ ಹೀಗೆ ಬರೆಯಿರಿ: "ಈ ಸಲದ ಟ್ರೇಡ್ ಬಗ್ಗೆ ನಾನು ತೀರ್ಪು ಕೊಡಲ್ಲ. ನಾನೂ ಆಡ್ತಿದ್ದೆ, ಗೆದ್ದವನು ನನ್ನ ನೆಂಟ. ನಿಯಮ ಬರೆಯದೆ ಆಟ ಶುರು ಮಾಡಿದ್ದು ನನ್ನ ತಪ್ಪು. ಎಲ್ಲರೂ ಒಪ್ಪುವ ಹೊರಗಿನವರೊಬ್ಬರು ಹೇಳಲಿ, ಅದಕ್ಕೆ ನಾನು ಬದ್ಧ. ದುಡ್ಡು ಇವತ್ತೇ ವಾಪಸ್ ಹಾಕ್ತಿದ್ದೀನಿ." ಗೆಳೆಯನ ತಂದೆಯ ವಿಷಯ ಅವರ ಒಪ್ಪಿಗೆ ಇಲ್ಲದೆ ಅಲ್ಲಿ ಬರೆಯಬೇಡಿ.

ಆ ಗಾದೆ ಹಾಕಿದವರಿಗೆ ಮಾತ್ರ ಬೇರೆ ಫೋನ್ ಮಾಡಿ. ಬೈಯಲು ಹೋಗಬೇಡಿ. ಮುಂದಿನ ಸಲ ಡಯಾಲಿಸಿಸ್ ಇರುವ ದಿನ ಬೆಳಿಗ್ಗೆ ನಿಮ್ಮ ಜೊತೆ ಬರ್ತೀರಾ ಅಂತ ಕೇಳಿ.