ಪಿಸಿಆರ್ ರಿಪೋರ್ಟ್‌ನ ಮೊದಲ ಸಾಲಿಗೇ ನಿಲ್ಲಬೇಡಿ

ಪ್ರಶ್ನೆ: ಮಗನಿಗೆ ಭೇದಿ ಆಗಿತ್ತು. ಪಿಸಿಆರ್ ರಿಪೋರ್ಟ್‌ನಲ್ಲಿ ‘ವಿಬ್ರಿಯೊ ಕಾಲರೆ ಪಾಸಿಟಿವ್’ ಎಂದಿದೆ. ಕೆಳಗೆ ಒ1, ಒ139, ಸಿಟಿಎಕ್ಸ್‌ಎ ಮೂರೂ ನೆಗೆಟಿವ್. ಕಾಲರಾ ಇದೆಯೋ ಇಲ್ಲವೋ? ಈಗ ವಾಸಿಯಾಗಿದೆ, ಮತ್ತೆ ಪಿಸಿಆರ್ ಮಾಡಿಸಬೇಕಾ?
– ಓದುಗರು, ಯಲಹಂಕ

ಉತ್ತರ: ಮಳೆ ಶುರುವಾದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಎಲ್ಲರೂ ಮೊದಲ ಸಾಲು ಓದಿ ಹೆದರುತ್ತಾರೆ. ಆ ಸಾಲು ಕ್ರಿಮಿಯ ಕುಲವನ್ನಷ್ಟೇ ಹೇಳುತ್ತದೆ. ಈ ಕುಲದಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಊರೂರಿಗೆ ಹರಡುವ ಕಾಲರಾ ತರುವುದು ಒ1 ಮತ್ತು ಒ139 ಮಾತ್ರ. 1992ರಲ್ಲಿ ಮದ್ರಾಸಿನಲ್ಲಿ ಒ139 ಕಾಣಿಸಿಕೊಳ್ಳುವವರೆಗೆ ಒ1 ಒಂದನ್ನೇ ನೋಡಿದರೆ ಸಾಕು ಅಂದುಕೊಂಡಿದ್ದೆವು. ಸಿಟಿಎಕ್ಸ್‌ಎ ಅನ್ನುವುದು ವಿಷ ತಯಾರಿಸುವ ಜೀನ್. ಅಕ್ಕಚ್ಚಿನಂಥ ಭೇದಿಗೆ ಆ ವಿಷವೇ ಕಾರಣ. ಮಗನಿಗೆ ಮೂರೂ ನೆಗೆಟಿವ್ ಅಲ್ವಾ? ಹಾಗಾದರೆ ಇದು ಆ ಕಾಲರಾ ಅಲ್ಲ. ಉಳಿದ ಬಗೆಗಳಿಂದಲೂ ಭೇದಿ ಆಗಬಹುದು, ಅಷ್ಟೇ.

ವಾಸಿಯಾದ ಮೇಲೆ ಸುಮ್ನೆ ಪಿಸಿಆರ್ ಮಾಡಿಸಬೇಡಿ. ಅದು ಹುಡುಕುವುದು ಡಿಎನ್‌ಎಯನ್ನು. ಸತ್ತ ಕ್ರಿಮಿಯ ಡಿಎನ್‌ಎ ಸಿಕ್ಕರೂ ಪಾಸಿಟಿವ್ ಎಂದೇ ತೋರಿಸುತ್ತದೆ.

‘ಪಿಸಿಆರ್ ಕೆಲವೇ ಗಂಟೆಗಳಲ್ಲಿ ಹೇಳುತ್ತೆ, ಎರಡು ಮೂರು ದಿನ ಕಾಯಿಸುವ ಕಲ್ಚರ್ ಯಾಕೆ’ ಎಂದು ಲ್ಯಾಬಿನವರ ಜೊತೆ ಜಗಳ ಆಡುವವರಿದ್ದಾರೆ. ಕಲ್ಚರ್ ಅಂದರೆ ಮಲದಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಯಾವ ಔಷಧಿಗೆ ಕ್ರಿಮಿ ಬಗ್ಗುತ್ತದೆ ಎಂದು ನೋಡಲು ಜೀವಂತ ಕ್ರಿಮಿಯೇ ಬೇಕು. ಎರಡೂ ಮಾಡಿಸಿ. ಮಲದ ಸ್ಯಾಂಪಲ್ಲನ್ನು ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ಕೊಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮಾತ್ರೆ ನುಂಗಿ ಆಮೇಲೆ ಲ್ಯಾಬಿಗೆ ಬಂದರೆ ಕಲ್ಚರಿನಲ್ಲಿ ಏನೂ ಬೆಳೆಯದೇ ಹೋಗಬಹುದು.

ಆದರೆ ರಿಪೋರ್ಟಿಗೆ ಕಾದು ಕೂರಬೇಡಿ! ಕಾಲರಾದಲ್ಲಿ ಜೀವ ಹೋಗುವುದು ಮೈಯ ನೀರು, ಉಪ್ಪು ಬತ್ತಿ. ಗಂಟೆಗಳಲ್ಲೇ ಹೋಗಬಹುದು. ಮೊದಲ ಭೇದಿಯಿಂದಲೇ ಓಆರ್‌ಎಸ್ ಕೊಡಿ. ಕಣ್ಣು ಗುಳಿಬಿದ್ದರೆ, ಉಚ್ಚೆ ನಿಂತರೆ ಆಗಲೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನೀರು ಕುಡಿಸಿದರೆ ಭೇದಿ ಜಾಸ್ತಿ ಆಗುತ್ತೆ ಅಂತಾರೆ, ನಿಜವೇ?

ಉತ್ತರ: ಶುದ್ಧ ಸುಳ್ಳು. ಹಾಗೆ ಹೇಳಿ, ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು ಕಳಿಸುವವರ ಬಳಿ ಮಕ್ಕಳನ್ನು ಕರೆದೊಯ್ಯಬೇಡಿ.

ಪ್ರಶ್ನೆ: ಟ್ಯಾಂಕರ್ ನೀರಿಗೆ ಪಟಿಕ ಹಾಕಿದರೆ ಸಾಕಾ?

ಉತ್ತರ: ನೀರು ತಿಳಿಯಾಗುತ್ತದೆ, ಕ್ರಿಮಿ ಹೋಯಿತು ಅಂತಲ್ಲ. ಕುದಿಸಿ ಕುಡಿಯಿರಿ.