ಲಂಡನ್ನಿನಲ್ಲಿ ಎರಡು ತಿಂಗಳು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮುಂದಿನ ತಿಂಗಳು ಪತ್ನಿಯೊಂದಿಗೆ ಲಂಡನ್ನಿನಲ್ಲಿರುವ ಮಗನ ಮನೆಗೆ ಹೊರಟಿದ್ದೇನೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಹಗಲು ಹೊತ್ತು ನಾವಿಬ್ಬರೇ ಊರು ನೋಡಬೇಕಾಗುತ್ತದೆ. ಅಲ್ಲಿ ಮೊಬೈಲ್ ಕಸಿದುಕೊಂಡು ಹೋಗುತ್ತಾರೆಂದೂ ಒಡವೆ ಹಾಕಿಕೊಂಡು ಓಡಾಡಬಾರದೆಂದೂ ಬಂಧುಗಳು ಹೆದರಿಸಿದ್ದರಿಂದ ನನ್ನ ಪತ್ನಿ ಬರುವುದೇ ಬೇಡ ಎನ್ನುತ್ತಿದ್ದಾರೆ. ನಾವು ಯಾವ ಎಚ್ಚರ ವಹಿಸಬೇಕು?
– ಓದುಗರೊಬ್ಬರು, ಮಂಡ್ಯ

ಉತ್ತರ: ದಯವಿಟ್ಟು ಅವರನ್ನು ಬಿಟ್ಟು ಹೋಗಬೇಡಿ. ಜಂಬೂಸವಾರಿಯ ದಿನ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ನೂಕುನುಗ್ಗಲಿನಲ್ಲಿ ಪರ್ಸನ್ನು ಅವಚಿಕೊಂಡು ನಿಂತು ಆನೆ ನೋಡಿ ಬಂದವರಿಗೆ, ಲಂಡನ್ನಿನಲ್ಲಿ ಬೇಕಾಗುವ ಎಚ್ಚರದ ಬಹುಪಾಲು ಆಗಲೇ ರೂಢಿಯಾಗಿರುತ್ತದೆ. ಹೊಸದಾಗಿ ಕಲಿಯಬೇಕಾದದ್ದು ಫೋನನ್ನು ಹೇಗೆ ಹಿಡಿಯಬೇಕು ಎಂಬುದನ್ನು ಮತ್ತು ಮಾತನಾಡಿಸಿದವರಿಗೆಲ್ಲ ನಿಂತು ಉತ್ತರಿಸುವ ನಮ್ಮ ಸೌಜನ್ಯವನ್ನು ಎಲ್ಲಿ ಬದಿಗಿಡಬೇಕು ಎಂಬುದನ್ನು.

ಫೋನಿನ ವಿಷಯದಲ್ಲಿ ನಿಮ್ಮ ಬಂಧುಗಳು ಹೇಳಿದ್ದು ನಿಜ. ವಿದ್ಯುತ್ ಸೈಕಲ್ ಅಥವಾ ಮೊಪೆಡ್ ಮೇಲೆ ಬರುವವರು ಪಾದಚಾರಿ ಮಾರ್ಗಕ್ಕೇ ನುಗ್ಗಿ, ಕೈಯಲ್ಲಿರುವ ಫೋನನ್ನು ಕ್ಷಣಮಾತ್ರದಲ್ಲಿ ಕಿತ್ತುಕೊಂಡು ಹೋಗುತ್ತಾರೆ. ರೈಲು ನಿಲ್ದಾಣದಿಂದ ಹೊರಬಂದು ದಾರಿ ಹುಡುಕುತ್ತ ನಿಂತವರು ಅವರಿಗೆ ಸುಲಭವಾಗಿ ಸಿಗುತ್ತಾರೆ. ಒಂದು ಸಂಜೆ ನಾನು ಹಾಗೆಯೇ ರಸ್ತೆಯ ಅಂಚಿನಲ್ಲಿ ನಕ್ಷೆ ನೋಡುತ್ತಿದ್ದಾಗ, ಪಕ್ಕದ ಅಂಗಡಿಯ ಮಹಿಳೆಯೊಬ್ಬರು ಹೊರಬಂದು, ಒಳಗೆ ನಿಂತು ನೋಡಿಕೊಳ್ಳಿ ಎಂದು ಕರೆದಿದ್ದರು. ಅಂದಿನಿಂದ ಮನೆ ಬಿಡುವ ಮೊದಲೇ ದಾರಿಯನ್ನು ಚೀಟಿಯಲ್ಲಿ ಬರೆದುಕೊಳ್ಳುವುದು, ನಕ್ಷೆ ನೋಡಲೇಬೇಕಾದರೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು ನನಗೆ ಅಭ್ಯಾಸವಾಗಿದೆ. ಯಾರಾದರೂ ಕಿತ್ತುಕೊಂಡರೆ ಅವರ ಬೆನ್ನಟ್ಟಬೇಡಿ.

ಇಲ್ಲಿ ಹಲವರ ಗಮನಕ್ಕೆ ಬಾರದ ಸಂಗತಿಯೊಂದಿದೆ. ನಿಮ್ಮ ಬ್ಯಾಂಕಿನ ಒಟಿಪಿಗಳೆಲ್ಲ ಬರುವುದು ಭಾರತದ ಸಿಮ್‌ಗೆ. ಆ ಸಿಮ್ ಇರುವ ಫೋನೇ ಹೋದರೆ ಪರದೇಶದಲ್ಲಿ ಕುಳಿತು ಅದನ್ನು ಮರಳಿ ಪಡೆಯುವುದು ಬಹಳ ಕಷ್ಟ. ಆದ್ದರಿಂದ ಆ ಸಿಮ್ಮನ್ನು ಹಳೆಯ ಫೋನೊಂದರಲ್ಲಿ ಹಾಕಿ ಮಗನ ಮನೆಯಲ್ಲಿಯೇ ಇಡಿ. ಹೊರಗೆ ಒಯ್ಯುವ ಫೋನಿನಲ್ಲಿ ಅಲ್ಲಿಯ ಸಿಮ್ ಇರಲಿ, ಹಣದ ಆ್ಯಪ್‌ಗಳು ಬೇಡ. *#06# ಒತ್ತಿದರೆ ಕಾಣುವ ಐಎಂಇಐ ಸಂಖ್ಯೆಯನ್ನೂ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ದೂರು ಕೊಡುವಾಗ ಬೇಕಾಗುತ್ತದೆ.

ಒಡವೆಯ ಬಗ್ಗೆ. ಬಳೆ, ಉದ್ದನೆಯ ಸರಗಳು ಮಂಡ್ಯದ ಬ್ಯಾಂಕ್ ಲಾಕರ್‌ನಲ್ಲಿಯೇ ಇರಲಿ, ಮಗನ ಮನೆಗೂ ಒಯ್ಯಬೇಡಿ. ದಕ್ಷಿಣ ಏಷ್ಯಾದ ಕುಟುಂಬಗಳ ಮನೆಗಳಲ್ಲಿ ಚಿನ್ನವಿರುತ್ತದೆಂದು ತಿಳಿದೇ ಕಳ್ಳರು ನುಗ್ಗುವುದುಂಟೆಂದು ಅಲ್ಲಿಯ ಪೊಲೀಸರು ಎಚ್ಚರಿಸುತ್ತ ಬಂದಿದ್ದಾರೆ. ಮಾಂಗಲ್ಯವನ್ನು ತೆಗೆದಿಡಿ ಎಂದು ನಾನು ಹೇಳಲಾರೆ; ಅದನ್ನು ಕರಿಮಣಿಯ ಗಿಡ್ಡ ಸರದಲ್ಲಿ ಪೋಣಿಸಿ, ಮೇಲೊಂದು ಸ್ಕಾರ್ಫ್ ಸುತ್ತಿಕೊಂಡರೆ ಸಾಕು. ಹೇಗೂ ಅಲ್ಲಿಯ ಚಳಿಗೆ ಸ್ಕಾರ್ಫ್ ಬೇಕೇ ಬೇಕು.

ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಲು ನೀವು ಖಂಡಿತ ಹೋಗುತ್ತೀರಿ. ದಾರಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟುವಾಗ, ಮೂರು ಲೋಟಗಳಲ್ಲಿ ಒಂದರ ಕೆಳಗೆ ಚೆಂಡು ಅಡಗಿಸಿ ಪಣ ಕಟ್ಟಿಸುವ ಗುಂಪು ಕಾಣಿಸಬಹುದು. ಗೆಲ್ಲುತ್ತಿರುವಂತೆ ಕಾಣುವವರು ಆಟ ಆಡಿಸುವವನ ಜೊತೆಯವರೇ. ಸುತ್ತ ನಿಂತು ನೋಡುವವರ ಜೇಬಿಗೂ ಕೈ ಬೀಳುತ್ತದೆ. ನಿಲ್ಲದೆ, ಉತ್ತರಿಸದೆ ಮುಂದೆ ನಡೆಯಿರಿ. ಹಾಗೆ ಮಾಡಿದರೆ ಅಲ್ಲಿ ಯಾರೂ ಅದನ್ನು ಅಗೌರವ ಎಂದುಕೊಳ್ಳುವುದಿಲ್ಲ.

ನಿಮ್ಮ ಪತ್ನಿಯವರ ನಿಜವಾದ ಭಯ ಬಹುಶಃ ಕಳ್ಳರದ್ದಲ್ಲ, ನಿಮ್ಮಿಂದ ಬೇರೆಯಾಗಿಬಿಟ್ಟರೆ ಏನು ಗತಿ ಎಂಬುದು. ನೆಲದಡಿಯ ರೈಲಿನ ಬಾಗಿಲು ಯಾರಿಗೂ ಕಾಯುವುದಿಲ್ಲ, ಸುರಂಗದ ಎಲ್ಲ ಕಡೆ ಫೋನ್ ಸಿಗುವುದೂ ಇಲ್ಲ. ಹೊರಡುವ ಮೊದಲೇ ಇಬ್ಬರೂ ಒಪ್ಪಂದ ಮಾಡಿಕೊಳ್ಳಿ: ರೈಲು ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ನಿಲ್ಲಬೇಕು, ಉಳಿದವರು ಮುಂದಿನ ರೈಲಿನಲ್ಲಿ ಅಲ್ಲಿಗೆ ಬಂದು ಸೇರಬೇಕು. ಮಗನ ವಿಳಾಸ ಮತ್ತು ಫೋನ್ ಸಂಖ್ಯೆ ಬರೆದ ಚೀಟಿ ಇಬ್ಬರ ಬಳಿಯೂ ಇರಲಿ. ಈ ಒಪ್ಪಂದವನ್ನು ಮಂಡ್ಯದಲ್ಲಿಯೇ ಒಂದೆರಡು ಸಲ ಬಾಯಲ್ಲಿ ಹೇಳಿಸಿ ನೋಡಿ, ಅವರಿಗೆ ಧೈರ್ಯ ಬರುತ್ತದೆ.

ರಾತ್ರಿ ತಡವಾದರೆ ಕಪ್ಪು ಟ್ಯಾಕ್ಸಿಯನ್ನು ರಸ್ತೆಯಲ್ಲಿಯೇ ಕೈ ತೋರಿಸಿ ನಿಲ್ಲಿಸಬಹುದು. ಬೇರೆ ಬಾಡಿಗೆ ಕಾರುಗಳನ್ನು ಮೊದಲೇ ಕಾಯ್ದಿರಿಸಿರಬೇಕು ಎಂಬುದು ಕಾನೂನು, ಆದ್ದರಿಂದ ತಾನಾಗಿ ಬಂದು ಕರೆಯುವ ಚಾಲಕನ ಕಾರು ಹತ್ತಬೇಡಿ. ತುರ್ತು ಸಂಖ್ಯೆ 999. ನಮ್ಮಲ್ಲಿರುವ 112 ಕೂಡ ಅಲ್ಲಿ ನಡೆಯುತ್ತದೆ. ಆಗಿಹೋದ ಕಳವಿನ ದೂರಿಗೆ 101. ರೈಲಿನಲ್ಲಿ ಯಾರಾದರೂ ತೊಂದರೆ ಕೊಟ್ಟರೆ 61016ಕ್ಕೆ ಸಂದೇಶ ಕಳುಹಿಸಿದರೆ ರೈಲ್ವೆ ಪೊಲೀಸರಿಗೆ ತಲುಪುತ್ತದೆ.

ಪ್ರಶ್ನೆ: ವಿದೇಶದಲ್ಲಿ ಸುತ್ತಾಡುವಾಗ ಪಾಸ್‌ಪೋರ್ಟ್ ಸದಾ ಜೊತೆಯಲ್ಲಿರಬೇಕೇ? ಕಳೆದುಹೋದರೆ ಏನು ಮಾಡಬೇಕು?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಇದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಮೇಲಿನ ಪ್ರಶ್ನೆಯ ಲಂಡನ್ನಿನ ಮಟ್ಟಿಗೆ, ಅದನ್ನು ಮನೆಯಲ್ಲಿ ಭದ್ರವಾಗಿಟ್ಟು ನಕಲು ಪ್ರತಿಯನ್ನು ಒಯ್ಯುವುದು ಒಳ್ಳೆಯದು. ಕಳೆದುಹೋದರೆ ಮೊದಲು ಪೊಲೀಸರಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ, ನಂತರ ಆಲ್ಡ್‌ವಿಚ್‌ನ ಇಂಡಿಯಾ ಹೌಸ್‌ನಲ್ಲಿರುವ ಭಾರತೀಯ ಹೈಕಮಿಷನ್ನನ್ನು ಸಂಪರ್ಕಿಸಿ. ಬೇಗನೆ ಹಿಂದಿರುಗಬೇಕಾದವರಿಗೆ, ಭಾರತಕ್ಕೆ ಮರಳುವ ಒಂದು ಪ್ರಯಾಣಕ್ಕಷ್ಟೇ ಸಲ್ಲುವ ತುರ್ತು ಪ್ರಮಾಣಪತ್ರ ಸಿಗುತ್ತದೆ. ಹಳೆಯ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ನಕಲು ಕೈಯಲ್ಲಿದ್ದರೆ ಈ ಕೆಲಸ ಬಹಳ ಹಗುರವಾಗುತ್ತದೆ. ಹೊರಡುವ ಮುನ್ನ ಅದರ ಒಂದು ಪ್ರತಿಯನ್ನು ಮೈಸೂರಿನ ಮನೆಯವರ ಬಳಿಯೂ ಬಿಟ್ಟುಹೋಗಿ.